ಹತ್ತಿ ನಡೆದ ದಾರಿಯಲ್ಲಿ ಒಂದು ಸುತ್ತು

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟರೆ ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆಯೂ ರಿಂಗ್ ರಸ್ತೆಯೂ ಹಿಂದಾದ ಮೇಲೆ ಮಂಡಕಳ್ಳಿ ಸಿಗುತ್ತದೆ. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿರುವುದು ವಿಮಾನ ನಿಲ್ದಾಣದಿಂದ. 2010ರಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗಿ, ಅದೇ ವರ್ಷ ಕಿಂಗ್‌ಫಿಶರ್ ವಿಮಾನ ಹಾರಾಟ ಶುರುವಾಗಿ, ಮರುವರ್ಷ ನವೆಂಬರ್ ಹೊತ್ತಿಗೆ ನಿಂತೂ ಹೋಗಿತ್ತು. ಆಮೇಲೆ ಆ ಕಂಪನಿಯೇ ನಿಂತಿತು. ದೇಶದ ತುಂಬ ಅದರ ನೌಕರರು ತಿಂಗಳುಗಟ್ಟಲೆ ಬಾಕಿ ಸಂಬಳಕ್ಕೆ ಬೀದಿಗಿಳಿದರು. ಮಂಡಕಳ್ಳಿಗೆ ಬೇರೆ ವಿಮಾನಗಳು ಬಂದವು, ಹೋದವು. ಹೆದ್ದಾರಿಗೆ ಮಾತ್ರ ಇದ್ಯಾವುದರ ಪರಿವೆಯೂ ಇಲ್ಲ. ಬೆಳಗಿನ ಹೊತ್ತು ಇಲ್ಲಿ ನಿಂತರೆ ಒಂದರ ಹಿಂದೆ ಒಂದು ಕಂಪನಿ ಬಸ್ಸು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿರುವ ಹುಡುಗ ಹುಡುಗಿಯರು, ಎಲ್ಲರ ಕೊರಳಲ್ಲೂ ಗುರುತಿನ ಚೀಟಿ. ಮುಂದೆ ಕಡಕೊಳ, ತಾಂಡವಪುರ, ನಂಜನಗೂಡು, ರಸ್ತೆಯುದ್ದಕ್ಕೂ ಕಾರ್ಖಾನೆಗಳು. ಕಡಕೊಳದ ಹತ್ತಿರದ ಬ್ಯಾತಹಳ್ಳಿಯಲ್ಲಿ ಟಿವಿಎಸ್ ದ್ವಿಚಕ್ರ ವಾಹನ ತಯಾರಾಗುತ್ತದೆ, ನಂಜನಗೂಡಿನಲ್ಲಿ 1989ರಿಂದ ನೆಸ್ಲೆ ಇದೆ.

ಇಷ್ಟು ಕಾರ್ಖಾನೆಗಳು ಓಡುತ್ತಿರುವ ರಸ್ತೆಯಲ್ಲಿ ನಾನು ನೋಡಲು ಹೋದದ್ದು ಓಡದೆ ನಿಂತ ಒಂದನ್ನು. ಹಳೆಯ ನೂಲಿನ ಮಿಲ್ಲು. ಹೆಸರು ಬರೆಯುವುದಿಲ್ಲ. ಬಾಕಿ ಲೆಕ್ಕದ ದಾವೆ ಇನ್ನೂ ನಡೆಯುತ್ತಿದೆ, ಹೆಸರು ಹಾಕಬೇಡಿ ಎಂಬುದು ನನ್ನನ್ನು ಒಳಗೆ ಬಿಟ್ಟವರ ಷರತ್ತು. ಗೇಟಿನ ಮೇಲಿನ ಕಮಾನಿನಿಂದಲೂ ಹೆಸರು ಹೋಗಿದೆ. ಅಕ್ಷರ ಕೂರಿಸಿದ್ದ ಬೋಲ್ಟಿನ ತೂತುಗಳು ಮಾತ್ರ ಉಳಿದಿವೆ. ಅಕ್ಷರಗಳು ಹಿತ್ತಾಳೆಯವಾಗಿದ್ದವಂತೆ. ಅವನ್ನು ಬಿಟ್ಟು ಹೋಗಲು ಯಾರಿಗೆ ಮನಸ್ಸು ಬಂದೀತು?

ಕಾವಲಿನ ಯಜಮಾನರು ಬೀಗ ತೆಗೆದರು. ಅವರೂ ಇದೇ ಮಿಲ್ಲಿನಲ್ಲಿ ದುಡಿದವರು. ಮುಚ್ಚಿದ ಮೇಲೆ ಕಾವಲಿಗೆ ಉಳಿದುಕೊಂಡರು.

"ಏನದೆ ಸಾ ಒಳಗೆ? ಬರೀ ಗ್ವಾಡೆ. ನೋಡ್ಕಂಡ್ ಬನ್ನಿ, ಬಲಗಡೆ ಷೆಡ್ಡಿಗೆ ಮಾತ್ರ ಹೋಗ್ಬ್ಯಾಡಿ, ಶೀಟು ಜಾರ್ತವೆ" ಅಂದರು. ಆಮೇಲೆ ಏನನ್ನಿಸಿತೋ, ತಾವೇ ಜೊತೆಗೆ ಬಂದರು.

ಗೇಟಿನ ಒಳಗೆ ಮೊದಲು ಸಿಗುವುದು ಸೈಕಲ್ ಸ್ಟ್ಯಾಂಡು. ಉದ್ದನೆಯ ತಗಡಿನ ಮಾಡು, ಕೆಳಗೆ ಮುಂದಿನ ಚಕ್ರ ಸಿಕ್ಕಿಸುವ ಕಬ್ಬಿಣದ ಗೂಟಗಳ ಸಾಲು. ಎಣಿಸಲು ಶುರುಮಾಡಿ ಗಿಡಗಂಟಿ ಅಡ್ಡ ಬಂದದ್ದರಿಂದ ಬಿಟ್ಟೆ. ನೂರಾರು ಸೈಕಲ್ಲಿಗಂತೂ ಜಾಗವಿದೆ. ಕಾರು ನಿಲ್ಲಿಸಲು ಇರುವ ಜಾಗ ಮೂರೋ ನಾಲ್ಕೋ. ಸ್ಟ್ಯಾಂಡಿನ ಒಂದು ಮೂಲೆಯನ್ನು ಪ್ರತ್ಯೇಕವಾಗಿ ಕಟ್ಟೆ ಕಟ್ಟಿ ಬಿಟ್ಟಿದ್ದಾರೆ. ಅದು ಸ್ಕೂಟರ್, ಮೋಟಾರ್ ಸೈಕಲ್ಲುಗಳಿಗೆ ಎಂದರು ಯಜಮಾನರು. ಸೈಕಲ್ಲಿನಿಂದ ಆ ಕಟ್ಟೆಗೆ ಬಡ್ತಿ ಪಡೆಯುವುದು ಒಂದು ಘನತೆ. ಕಟ್ಟೆಯ ಮೇಲೆ ನಿಲ್ಲುತ್ತಿದ್ದವುಗಳಲ್ಲಿ ಬಹುಪಾಲು ಜಾವಾ, ಎಜ್ಡಿ. ಮೈಸೂರಿನಲ್ಲಿ ಅದು ಸಹಜ. ಯಾದವಗಿರಿಯಲ್ಲಿ ತಯಾರಾದ ಬೈಕು ಅದೇ ಊರಿನ ಇನ್ನೊಂದು ಕಾರ್ಖಾನೆಯ ಗೇಟಿನೊಳಗೆ ನಿಲ್ಲುತ್ತಿತ್ತು.

ಸ್ಟ್ಯಾಂಡಿನ ಪಕ್ಕದಲ್ಲಿ ಟೈಮ್ ಆಫೀಸು. ಕಿಂಡಿಯಂಥ ಕಿಟಕಿ, ಒಳಗೆ ಕಾರ್ಡು ಸಿಕ್ಕಿಸುವ ಮರದ ಗೂಡುಗಳ ಚೌಕಟ್ಟು ಇನ್ನೂ ಗೋಡೆಯಲ್ಲಿದೆ. ಗೂಡುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರುಗಳು. ಮಿಲ್ಲಿನಲ್ಲಿ ಮನುಷ್ಯನಿಗೆ ಟೋಕನ್ ನಂಬರೇ ಎರಡನೆಯ ಹೆಸರು. ಯಜಮಾನರು ತಮ್ಮ ನಂಬರಿನ ಗೂಡನ್ನು ಹುಡುಕಲಿಲ್ಲ, ನೇರವಾಗಿ ಬೆರಳಿಟ್ಟು ತೋರಿಸಿದರು.

ಟೈಮ್ ಆಫೀಸಿನ ಹೊರಗೋಡೆಯಲ್ಲಿ ಎರಡು ನೋಟೀಸ್ ಬೋರ್ಡು. ಒಂದು ಆಡಳಿತದ್ದು, ಇನ್ನೊಂದು ಯೂನಿಯನ್ನಿನದು. ಆಡಳಿತದ ಬೋರ್ಡಿಗೆ ಗಾಜಿನ ಬಾಗಿಲು, ಬೀಗದ ಕೊಂಡಿ. ಯೂನಿಯನ್ನಿನದಕ್ಕೆ ಬರೀ ಹಲಗೆ. ಎರಡರಲ್ಲೂ ಕಾಗದವಿಲ್ಲ, ಪಿನ್ನಿನ ತುಕ್ಕಷ್ಟೇ ಇದೆ. ಕೊನೆಯ ನೋಟೀಸು ಯಾವ ಬೋರ್ಡಿನಲ್ಲಿ ಬಂದಿತ್ತು ಎಂದು ಕೇಳಿದೆ. ಯಜಮಾನರು ನಕ್ಕರು. "ಕೊನೇದು ಗೇಟಿಗೇ ಅಂಟ್ಸಿದ್ರು ಸಾ. ಒಳಿಕ್ ಬರಕ್ಕೆ ಬುಟ್ರಲ್ವಾ ಬೋರ್ಡು ನೋಡಕ್ಕೆ?"

ಕಾನೂನಿನ ಪುಸ್ತಕದಲ್ಲಿ ಕಾರ್ಖಾನೆ ಮುಚ್ಚುವ ಕ್ರಮ ಹೀಗಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1976ರಲ್ಲಿ ಒಂದು ಅಧ್ಯಾಯ ಸೇರಿತು. ದೊಡ್ಡ ಕಾರ್ಖಾನೆ ಮುಚ್ಚಬೇಕಾದರೆ 90 ದಿನ ಮೊದಲೇ ಸರ್ಕಾರದ ಅನುಮತಿ ಕೇಳಬೇಕು, ಕಾರಣ ಹೇಳಬೇಕು, ಕಾರ್ಮಿಕರಿಗೂ ಪ್ರತಿ ಕೊಡಬೇಕು. ಮುಚ್ಚಿದರೆ ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ. ದೊಡ್ಡದು ಎಂದರೆ ಎಷ್ಟು ಜನ ಇರುವ ಕಾರ್ಖಾನೆ? ಆರಂಭದಲ್ಲಿ 300 ಎಂದಿತ್ತು, 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತೆ 300ಕ್ಕೆ ಏರಿಸಿತು. ಆ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ಹಾಗಾಗಿ ಇವತ್ತು ಇನ್ನೂರೈವತ್ತು ಜನರ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿಲ್ಲ. ಅನುಮತಿ ಬೇಕಿದ್ದ ಕಾಲದಲ್ಲೂ ಒಂದು ದಾರಿ ತೆರೆದೇ ಇತ್ತು. ಮುಚ್ಚುತ್ತೇವೆ ಎಂದು ಯಾರೂ ಹೇಳುತ್ತಿರಲಿಲ್ಲ. ಕರೆಂಟ್ ಬಿಲ್ಲು ಕಟ್ಟುತ್ತಿರಲಿಲ್ಲ. ಕರೆಂಟ್ ತೆಗೆದ ಮೇಲೆ ಮಿಲ್ಲು ತಾನಾಗಿ ನಿಲ್ಲುತ್ತಿತ್ತು.

ಆಫೀಸಿನ ಹಿಂದೆ ಮುಖ್ಯ ಷೆಡ್ಡುಗಳು. ಇಲ್ಲಿಂದ ಮುಂದೆ ನಾವು ನಡೆದದ್ದು ಹತ್ತಿ ನಡೆದ ದಾರಿಯಲ್ಲೇ. ನೂಲಿನ ಮಿಲ್ಲಿನ ಕಟ್ಟಡಗಳನ್ನು ಕಟ್ಟುವುದೇ ಆ ಕ್ರಮದಲ್ಲಿ: ಒಂದು ತುದಿಯಲ್ಲಿ ಅಂಡಿಗೆ ಒಳಗೆ ಬರುತ್ತದೆ, ಇನ್ನೊಂದು ತುದಿಯಲ್ಲಿ ನೂಲು ಹೊರಗೆ ಹೋಗುತ್ತದೆ. ನಡುವೆ ಹಿಂದಕ್ಕೆ ತಿರುಗುವ ಪ್ರಶ್ನೆಯೇ ಇಲ್ಲ.

ಮೊದಲನೆಯದು ಬ್ಲೋ ರೂಮು. ಬಿಗಿದು ಬಂದ ಅಂಡಿಗೆಗಳನ್ನು ಬಿಚ್ಚಿ, ಹತ್ತಿಯನ್ನು ಬಡಿದು, ಕಸ ಸಿಪ್ಪೆ ಊದಿ ತೆಗೆಯುವ ಜಾಗ. ಗೋಡೆಯಲ್ಲಿ ಆಳೆತ್ತರದ ದುಂಡು ತೂತುಗಳಿವೆ. ಗಾಳಿಯ ಕೊಳವೆಗಳು ಹಾದುಹೋಗಿದ್ದವು ಎಂದುಕೊಂಡೆ. ತೊಲೆಯ ಮೇಲೆ, ಕಿಟಕಿಯ ಸರಳುಗಳಲ್ಲಿ ಬೂದುಬಣ್ಣದ ಮೆತ್ತನೆಯ ಪದರ ಕೂತಿದೆ. ಮುಟ್ಟಿದರೆ ಹತ್ತಿಯ ದೂಳು. ಇಷ್ಟು ವರ್ಷದ ಮಳೆಗಾಳಿ ಅದನ್ನು ಪೂರ್ತಿ ತೆಗೆದಿಲ್ಲ.

ಈ ದೂಳಿನ ಬಗ್ಗೆ ಸ್ವಲ್ಪ ಹೇಳಬೇಕು. ಬ್ಲೋ ರೂಮು ಮತ್ತು ಕಾರ್ಡಿಂಗ್ ವಿಭಾಗದಲ್ಲಿ ದುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅದರ ಒಂದು ವಿಚಿತ್ರ ಲಕ್ಷಣವೆಂದರೆ ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆಬಿಗಿತ ಹೆಚ್ಚು. ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯಾಗಿತ್ತು. ಮಿಲ್ಲು ಓಡುತ್ತಿದ್ದಾಗ ಕೆಮ್ಮಿದವನಿಗೆ ಕಾರ್ಮಿಕ ವಿಮೆಯ ಇಎಸ್‌ಐ ಕಾರ್ಡಿತ್ತು, ಔಷಧಿ ಸಿಗುತ್ತಿತ್ತು. ಮಿಲ್ಲು ನಿಂತರೆ ಚಂದಾ ನಿಲ್ಲುತ್ತದೆ, ಸ್ವಲ್ಪ ಕಾಲದಲ್ಲೇ ಕಾರ್ಡಿನ ಕೆಲಸವೂ ನಿಲ್ಲುತ್ತದೆ. ಕೆಮ್ಮು ನಿಲ್ಲುವುದಿಲ್ಲ. ಕಾರ್ಖಾನೆ ಮುಚ್ಚಿದಾಗ ಸಂಬಳ ಹೋಯಿತು ಎನ್ನುತ್ತೇವೆ. ಸಂಬಳಕ್ಕೆ ಅಂಟಿಕೊಂಡಿದ್ದ ಇಂಥ ಎಷ್ಟು ಸಂಗತಿಗಳು ಜೊತೆಗೇ ಹೋಗುತ್ತವೆ ಎಂಬುದು ಆ ಬ್ಲೋ ರೂಮಿನಲ್ಲಿ ನಿಂತಾಗ ಹೊಳೆಯತೊಡಗಿತು.

2005ರ ಏಪ್ರಿಲ್‌ನಿಂದ ಇಎಸ್‌ಐಯಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಇದೆ. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ವಿಮಾದಾರನಿಗೆ ಗರಿಷ್ಠ 24 ತಿಂಗಳು ವೇತನದ ಒಂದು ಭಾಗ ಭತ್ಯೆಯಾಗಿ ಸಿಗುತ್ತದೆ, ಆ ಅವಧಿಯಲ್ಲಿ ಚಿಕಿತ್ಸೆಯೂ ಉಂಟು. ಯಜಮಾನರ ಮಿಲ್ಲು ಮುಚ್ಚಿದ್ದು ಅದಕ್ಕಿಂತ ಹಿಂದೆ. ಈಗ ರಸ್ತೆಯ ಆಚೀಚೆ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟು ಜನಕ್ಕೆ ಈ ಯೋಜನೆಯ ಹೆಸರು ಗೊತ್ತಿದೆಯೋ! ನಾನು ಆ ದಿನ ಮಾತಾಡಿಸಿದವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಬ್ಲೋ ರೂಮು ದಾಟಿದರೆ ಕಾರ್ಡಿಂಗು. ಇಲ್ಲಿ ಹತ್ತಿಯ ಎಳೆಗಳನ್ನು ಬಾಚಿ ಹಂಜಿ ಮಾಡಿ ಉದ್ದನೆಯ ಕ್ಯಾನುಗಳಿಗೆ ಸುರುಳಿ ಸುರುಳಿಯಾಗಿ ಬಿಡುತ್ತಾರೆ. ಆಮೇಲೆ ಡ್ರಾಯಿಂಗು, ಆಮೇಲೆ ಸಿಂಪ್ಲೆಕ್ಸು. ಈ ಮೂರೂ ವಿಭಾಗ ಈಗ ಒಂದೇ ಖಾಲಿ ಹಜಾರ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತಿತ್ತು ಎಂಬುದನ್ನು ನೆಲದ ಗುರುತು ನೋಡಿ ಊಹಿಸಬೇಕು. ನನ್ನ ಊಹೆ ಯಜಮಾನರ ನೆನಪಿಗೆ ಹೊಂದಲಿಲ್ಲ, ನಾನು ಅವರ ಮಾತನ್ನೇ ಒಪ್ಪಿದೆ.

ರಿಂಗ್ ಫ್ರೇಮ್ ಷೆಡ್ಡಿಗೆ ಬಂದಾಗ ಮಾತ್ರ ನಿಂತುಬಿಟ್ಟೆ. ಮಿಲ್ಲಿನ ಅತಿ ದೊಡ್ಡ ಹಜಾರ ಇದು. ಮೇಲೆ ಗರಗಸದ ಹಲ್ಲಿನಂಥ ಮಾಡು. ಪ್ರತಿ ಹಲ್ಲಿನ ಒಂದು ಮುಖಕ್ಕೆ ಗಾಜು, ಎಲ್ಲ ಗಾಜೂ ಉತ್ತರಕ್ಕೆ. ಉತ್ತರದ ಬೆಳಕಿನಲ್ಲಿ ಬಿಸಿಲು ನೇರ ಬೀಳದು, ನೆರಳೂ ಕುಣಿಯದು. ತೆಳ್ಳಗಿನ ಎಳೆ ಹರಿದದ್ದು ಕಣ್ಣಿಗೆ ಕಾಣಬೇಕಾದರೆ ಅಂಥ ಬೆಳಕೇ ಬೇಕು. ಗಾಜುಗಳಲ್ಲಿ ಅರ್ಧ ಒಡೆದಿವೆ. ಆದರೂ ಬೆಳಕು ಸಮನಾಗಿ ಬಿದ್ದಿತ್ತು.

ನೆಲದ ಮೇಲೆ ಸಾಲುಸಾಲಾಗಿ ಸಿಮೆಂಟಿನ ದಿಂಡುಗಳು, ಅವುಗಳಿಂದ ಮೇಲೆದ್ದ ಬೋಲ್ಟುಗಳು. ಒಂದೊಂದು ಜೋಡಿ ದಿಂಡಿನ ಮೇಲೆ ಒಂದೊಂದು ಫ್ರೇಮ್, ಪ್ರತಿ ಫ್ರೇಮಿನಲ್ಲಿ ನೂರಾರು ಕದಿರು. ಕೆಲವು ಬೋಲ್ಟುಗಳನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದ್ದಾರೆ, ಕೆಲವನ್ನು ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಇದರ ಅರ್ಥವೇನಿರಬಹುದು ಎಂದು ಯೋಚಿಸಿದೆ. ಬಿಚ್ಚಿದ ಯಂತ್ರ ಬೇರೆ ಮಿಲ್ಲಿಗೆ ಹೋಗಿರಬೇಕು, ಕತ್ತರಿಸಿದ್ದು ಗುಜರಿಗೆ. ಯಜಮಾನರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಲಾರಿ ಬರ್ತಿದ್ದೊ ಹೋಯ್ತಿದ್ದೊ. ಯಾವ್ದು ಎಲ್ಲಿಗೆ ಅಂತ ನಮಗ್ ಯಾರ್ ಹೇಳಾರು?"

ಮೂಲೆಯ ಕಂಬದ ಮೇಲೆ ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಬರೆದ 40 ಎಂಬ ಅಂಕೆ ಕಂಡಿತು. ನಲವತ್ತನೇ ನಂಬರಿನ ನೂಲು. 840 ಗಜ ನೂಲು ಒಂದು ಲಡಿ. ಒಂದು ಪೌಂಡು ಹತ್ತಿಯಲ್ಲಿ ಅಂಥ ನಲವತ್ತು ಲಡಿ ತೆಗೆದರೆ ಅದು 40ರ ನೂಲು. ಲೆಕ್ಕ ಹಾಕಿದರೆ ಅರ್ಧ ಕಿಲೋಗೂ ಕಡಿಮೆ ಹತ್ತಿಯಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ದಾರ, ಇಲ್ಲಿಂದ ನಂಜನಗೂಡಿಗೆ ಹೋಗಿ ಬಂದರೂ ಮಿಕ್ಕುವಷ್ಟು. ಆ ದಾರ ಹರಿಯುತ್ತಲೇ ಇರುತ್ತದೆ. ಹರಿದಲ್ಲಿಗೆ ಓಡಿ, ಎರಡು ತುದಿಯನ್ನು ಬೆರಳಲ್ಲಿ ತಿರುಚಿ ಸೇರಿಸುವುದೇ ಕೆಲಸ. ಎಂಟು ಗಂಟೆ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಡಿಗೆ. ಎಳೆ ಹರಿಯದಿರಲೆಂದು ಗಾಳಿಯಲ್ಲಿ ತೇವ ಇಡುತ್ತಿದ್ದರು. ನೆಲದಡಿಯ ಕಾಲುವೆಗಳು, ಅವುಗಳ ಮೇಲಿನ ಜಾಲರಿಗಳು ಇನ್ನೂ ಇವೆ. ಬೇಸಿಗೆಯಲ್ಲಿ ಆ ತೇವದ ಸೆಕೆ ಹೇಗಿರುತ್ತಿತ್ತು ಎಂದು ಕೇಳಿದ್ದಕ್ಕೆ ಯಜಮಾನರು ಅಂಗಿ ಹಿಂಡುವ ಅಭಿನಯ ಮಾಡಿ ತೋರಿಸಿದರು.

ಈ ಕೈಚಳಕ ಹೊರಗೆ ಬೇರೆಲ್ಲಿ ಉಪಯೋಗಕ್ಕೆ ಬರುತ್ತದೆ? ಫಿಟ್ಟರ್, ಎಲೆಕ್ಟ್ರಿಷಿಯನ್, ಲೇತ್ ಕೆಲಸ ಗೊತ್ತಿದ್ದವರು ಬೇರೆ ಕಾರ್ಖಾನೆ ಸೇರಿದರು ಅಥವಾ ಸಣ್ಣ ಅಂಗಡಿ ಇಟ್ಟರು. ಹರಿದ ಎಳೆ ಸೇರಿಸುವುದನ್ನಷ್ಟೇ ಇಪ್ಪತ್ತು ವರ್ಷ ಮಾಡಿದವನಿಗೆ ನೂಲಿನ ಮಿಲ್ಲೇ ಬೇಕು, ಆ ಹೊತ್ತಿಗೆ ರಾಜ್ಯದ ತುಂಬ ನೂಲಿನ ಮಿಲ್ಲುಗಳೇ ಮುಚ್ಚುತ್ತಿದ್ದವು. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಮಿಲ್, ನಂಜನಗೂಡಿನಲ್ಲಿ ಸುಜಾತಾ ಮಿಲ್, ಬೆಂಗಳೂರಿನಲ್ಲಿ ಬಿನ್ನಿ, ಮಿನರ್ವಾ, ಕಲಬುರಗಿಯಲ್ಲಿ ಎಂಎಸ್‌ಕೆ. ಮಿನರ್ವಾ ಮಿಲ್ಸ್ ಹೆಸರು ಕಾನೂನು ಓದಿದ ಪ್ರತಿಯೊಬ್ಬರಿಗೂ ಬಾಯಿಪಾಠ. ಸಂವಿಧಾನದ ಮೂಲ ಸ್ವರೂಪದ ಬಗ್ಗೆ 1980ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಮಿಲ್ಲಿನ ರಾಷ್ಟ್ರೀಕರಣದ ದಾವೆಯಿಂದ ಬಂದದ್ದು. ಅಲ್ಲಿ ದುಡಿದವರು ಆಮೇಲೆ ಏನಾದರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಮಿಲ್ಲುಗಳು ಯಾಕೆ ಬಿದ್ದವು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಮಾಲೀಕರು ಯೂನಿಯನ್ ಎನ್ನುತ್ತಾರೆ, ಯೂನಿಯನ್ನಿನವರು ಮಾಲೀಕರು ಲಾಭವನ್ನು ಬೇರೆ ಕಡೆ ಹಾಕಿದರು ಎನ್ನುತ್ತಾರೆ. ನನಗೆ ಕಂಡಂತೆ ಈ ಷೆಡ್ಡೇ ಒಂದು ಸಾಕ್ಷಿ. ನೆಲದ ದಿಂಡುಗಳೆಲ್ಲ ಒಂದೇ ಅಳತೆ, ಒಂದೇ ಕಾಲದವು. ಮಧ್ಯೆ ಯಾವಾಗಲಾದರೂ ಹಳೆ ಯಂತ್ರ ತೆಗೆದು ಹೊಸದು ಕೂರಿಸಿದ್ದರೆ ದಿಂಡು ಒಡೆದು ಬೇರೆ ಅಳತೆಗೆ ಕಟ್ಟಿದ ಗುರುತಿರಬೇಕಿತ್ತು. ಒಂದು ಸಾಲಿನಲ್ಲೂ ಅದು ಕಾಣಲಿಲ್ಲ. ನಾನು ಎಂಜಿನಿಯರ್ ಅಲ್ಲ, ನನ್ನ ಓದು ತಪ್ಪಿರಬಹುದು. ಆದರೆ ಪವರ್‌ಲೂಮಿನ ಪೈಪೋಟಿ, ಜಲವಿದ್ಯುತ್ತನ್ನೇ ನಂಬಿದ್ದ ರಾಜ್ಯದಲ್ಲಿ ಮಳೆ ಕೈಕೊಟ್ಟ ವರ್ಷಗಳ ವಿದ್ಯುತ್ ಕಡಿತ, ಹತ್ತಿಯ ಬೆಲೆಯ ಏರುಪೇರು, ಇವೆಲ್ಲ ಹೊರಗಿನಿಂದ ಬಂದ ಹೊಡೆತಗಳಾದರೆ, ಹಳೆ ಯಂತ್ರ ಬದಲಾಯಿಸದೆ ಉಳಿಸಿಕೊಂಡದ್ದು ಒಳಗಿನ ತೀರ್ಮಾನ. ಯಾದವಗಿರಿಯ ಐಡಿಯಲ್ ಜಾವಾ ಕತೆಯೂ ಬಹಳ ಬೇರೆಯಲ್ಲ. 1961ರಿಂದ ಬೈಕು ತಯಾರಿಸಿದ ಆ ಕಾರ್ಖಾನೆ, ಎಂಬತ್ತರ ದಶಕದಲ್ಲಿ ಜಪಾನಿನ ತಂತ್ರಜ್ಞಾನದ, ಕಡಿಮೆ ಪೆಟ್ರೋಲು ಕುಡಿಯುವ 100 ಸಿಸಿ ಬೈಕುಗಳು ಬಂದಾಗ ತನ್ನ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೇ ಅಂಟಿಕೊಂಡಿತ್ತು. ಸಾಲ, ಕಾರ್ಮಿಕ ವಿವಾದ, ಹೊಗೆಯ ಹೊಸ ನಿಯಮ ಎಲ್ಲ ಕೂಡಿಬಂದು 1996ರಲ್ಲಿ ಬಾಗಿಲು ಹಾಕಿತು.

ಮುಂದಿನದು ಕೋನ್ ವೈಂಡಿಂಗ್ ಷೆಡ್ಡು, ಚಿಕ್ಕದು. ಹೆಂಗಸರು ಇದ್ದ ವಿಭಾಗ ಇದು. ಕಾರ್ಖಾನೆ ಕಾಯ್ದೆಯ ಪ್ರಕಾರ ಆಗ ಹೆಂಗಸರಿಗೆ ರಾತ್ರಿ ಪಾಳಿ ಇರಲಿಲ್ಲ. ಷೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಗೋಡೆಯಲ್ಲಿ ಎದುರುಬದಿರು ಎರಡು ಕೊಂಡಿ. ಇದು ಶಿಶುಪಾಲನಾ ಕೋಣೆ, ತೊಟ್ಟಿಲ ಹಗ್ಗ ಕಟ್ಟುತ್ತಿದ್ದ ಕೊಂಡಿ ಅವು ಎಂದು ನನಗನ್ನಿಸಿತು. ಯಜಮಾನರು ಇತ್ತ ಕಡೆ ಬರುತ್ತಿರಲಿಲ್ಲವಂತೆ, ಅವರಿಗೆ ಗೊತ್ತಿಲ್ಲ.

ಷೆಡ್ಡುಗಳು ಮುಗಿದು ಬಯಲಿಗೆ ಬಂದರೆ ಎದುರಿಗೆ ಗಣಪತಿ ಗುಡಿ. ಇಡೀ ಆವರಣದಲ್ಲಿ ಸುಣ್ಣ ಬಳಿದಿರುವ ಕಟ್ಟಡ ಇದೊಂದೇ. ಯಜಮಾನರು ದಿನವೂ ದೀಪ ಹಚ್ಚುತ್ತಾರೆ. ಆಯುಧಪೂಜೆಯ ದಿನ ಹಳೆ ಕಾರ್ಮಿಕರು ಕೆಲವರು ಈಗಲೂ ಬಂದು ಬೂದುಗುಂಬಳ ಒಡೆದು ಹೋಗುತ್ತಾರೆ ಎಂದರು. ಯಂತ್ರವಿಲ್ಲವಲ್ಲ, ಯಾವುದಕ್ಕೆ ಪೂಜೆ ಎಂದೆ. ಗೇಟಿಗೆ, ಎಂದರು. ಮೈಸೂರಿನಲ್ಲಿ ದಸರಾ ಹೊತ್ತಿಗೆ ಬೋನಸ್ ಕೈಗೆ ಬರಬೇಕು, ಅದರಿಂದ ಹಬ್ಬ. ಬೋನಸ್ ಮುಂದಕ್ಕೆ ಹೋದ ವರ್ಷವೇ ತಿಳಿದವರಿಗೆ ತಿಳಿಯಿತಂತೆ.

ಅದನ್ನು ಅವರು ಕ್ಯಾಂಟೀನಿನ ಜಗುಲಿಯ ಮೇಲೆ ಕೂತು ಹೇಳಿದರು. ಮುಚ್ಚಿದ್ದು ಒಂದು ದಿನದಲ್ಲಲ್ಲ. ಮೊದಲು ಓಟಿ ನಿಂತಿತು. ಜನಕ್ಕೆ ಬೇಜಾರಾಯಿತು, ಭಯವಾಗಲಿಲ್ಲ. ಕ್ಯಾಂಟೀನಿನಲ್ಲಿ ಊಟದ ಜೊತೆಗಿದ್ದ ಮಜ್ಜಿಗೆ ಹೋಯಿತು, ಆಮೇಲೆ ಊಟವೇ ಹೋಗಿ ಟೀ ಉಳಿಯಿತು. ಹಳ್ಳಿಗಳಿಗೆ ಹೋಗುತ್ತಿದ್ದ ಬಸ್ಸನ್ನು ರಿಪೇರಿಗೆ ಎಂದು ಕಳಿಸಿದರು, ಬಸ್ಸು ವಾಪಸು ಬರಲಿಲ್ಲ. ಒಂದನೇ ತಾರೀಕಿನ ಸಂಬಳ ಹತ್ತಕ್ಕೆ ಹೋಯಿತು, ಇಪ್ಪತ್ತಕ್ಕೆ ಹೋಯಿತು, ಆಮೇಲೆ ಕಂತಿನಲ್ಲಿ ಬಂತು. ಮೂರು ಪಾಳಿ ಎರಡಾಯಿತು. ವಿಆರ್‌ಎಸ್ ಎಂಬ ಸ್ವಯಂನಿವೃತ್ತಿಯ ಮಾತು ಕೇಳಿಬಂತು. ಆಗ ತೆಗೆದುಕೊಂಡವರು ಜಾಣರು ಎನಿಸಿಕೊಂಡರು, ಮಿಲ್ಲು ಚೇತರಿಸಿಕೊಳ್ಳುತ್ತದೆ ಎಂದು ನಂಬಿ ಉಳಿದವರಿಗೆ ಕೊನೆಗೆ ಸಿಕ್ಕಿದ್ದು ದಾವೆ. ನಿಷ್ಠೆಗೆ ಇಂಥ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ ಯಾರಾದರೂ ಯಾಕೆ ಉಳಿಯಬೇಕು ಎಂದು ನನಗೆ ಕೋಪ ಬಂತು. ಅವರಿಗೆ ಬಂದಂತೆ ಕಾಣಲಿಲ್ಲ.

ಮಜ್ಜಿಗೆಯನ್ನು ಅವರು ಎರಡು ಸಲ ಹೇಳಿದರು. ಕ್ಯಾಂಟೀನ್ ಊಟ ಅಗ್ಗದ್ದು, ಮನೆಯಲ್ಲಿ ಒಂದು ಹೊತ್ತಿನ ಅಕ್ಕಿ ಉಳಿಯುತ್ತಿತ್ತು. ಸಹಕಾರ ಸಂಘದ ಸಾಲ ಸಂಬಳದಲ್ಲಿ ಮುರಿದುಹೋಗುತ್ತಿತ್ತು, ಹಾಗಾಗಿ ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗಬೇಕಿರಲಿಲ್ಲ. ಮಿಲ್ಲಿನವನು ಎಂದರೆ ದಿನಸಿ ಅಂಗಡಿಯಲ್ಲಿ ತಿಂಗಳ ಲೆಕ್ಕ, ಹೆಣ್ಣು ಕೊಡುವವರಲ್ಲಿ ಮರ್ಯಾದೆ. ಸಂಬಳ ಚೀಟಿಯಲ್ಲಿ ಇದ್ಯಾವುದೂ ಬರೆದಿರುವುದಿಲ್ಲ, ಪರಿಹಾರದ ಲೆಕ್ಕದಲ್ಲೂ ಸೇರುವುದಿಲ್ಲ.

ಪರಿಹಾರದ ಲೆಕ್ಕ ಹೀಗಿದೆ. ಗ್ರಾಚುಯಿಟಿಗೆ ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಇವತ್ತಿನ ಲೆಕ್ಕದಲ್ಲಿ ₹26,000 ಪಡೆಯುತ್ತಿದ್ದವರಿಗೆ 20 ವರ್ಷಕ್ಕೆ ₹3 ಲಕ್ಷ. ಇದು ಹಕ್ಕು, ದಾನವಲ್ಲ. ಆದರೆ ಕಂಪನಿಯ ಬಳಿ ದುಡ್ಡೇ ಇಲ್ಲ ಎಂದಾಗ ಆಸ್ತಿ ಮಾರಿ ಬಂದದ್ದರಲ್ಲಿ ಪಾಲು ಕೇಳಬೇಕು. ಈಗಿನ ದಿವಾಳಿ ಸಂಹಿತೆ, ಅಂದರೆ 2016ರದ್ದು, ಕಾರ್ಮಿಕರ 24 ತಿಂಗಳ ಬಾಕಿಯನ್ನು ಅಡಮಾನವಿಟ್ಟುಕೊಂಡ ಬ್ಯಾಂಕುಗಳ ಸಾಲದ ಸಮಕ್ಕೆ ನಿಲ್ಲಿಸುತ್ತದೆ. ಪಿಎಫ್, ಗ್ರಾಚುಯಿಟಿ ನಿಧಿಗಳ ಹಣವನ್ನು ಹಂಚಿಕೆಯ ಆಸ್ತಿಗೆ ಸೇರಿಸುವುದೇ ಇಲ್ಲ. ಓದಲು ಚೆನ್ನಾಗಿದೆ. ತೊಡಕಿರುವುದು ನಿಧಿಗೆ ಹಣ ಹಾಕದೇ ಬಿಟ್ಟಿದ್ದರೆ. ಈ ಮಿಲ್ಲಿನಲ್ಲಿ ಕೊನೆಯ ವರ್ಷಗಳಲ್ಲಿ ಸಂಬಳದಿಂದ ಪಿಎಫ್ ಮುರಿಯುತ್ತಿದ್ದರು, ಕಟ್ಟುತ್ತಿರಲಿಲ್ಲ ಎಂದು ಯಜಮಾನರ ದೂರು. ನಾನು ಕಾಗದ ನೋಡಿಲ್ಲ. ಹಾಗೆ ಮುರಿದು ಕಟ್ಟದಿರುವುದು ಕ್ರಿಮಿನಲ್ ನಂಬಿಕೆದ್ರೋಹ ಎಂದು ಅಪರಾಧ ಕಾನೂನೇ ಹೇಳುತ್ತದೆ. ಇನ್ನು ಪಿಂಚಣಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ ₹1,000 ಎಂದು 2014ರಲ್ಲಿ ನಿಗದಿಯಾಯಿತು. ಯಜಮಾನರ ಪಿಂಚಣಿ ಅದಕ್ಕಿಂತ ಕೊಂಚ ಮೇಲೆ. ಎಷ್ಟು ಎಂದು ಹೇಳಿದರು, ಬರೆಯಲು ನನಗೆ ಸಂಕೋಚ.

ಹಿಂದಿನ ಗೇಟಿನಿಂದ ಹೊರಬಿದ್ದೆವು. ಅಲ್ಲಿಂದ ನೋಡಿದರೆ ಕಾಂಪೌಂಡಿನ ಮೂರು ಕಡೆ ಬಡಾವಣೆಗಳು ಒತ್ತಿಕೊಂಡು ಬಂದಿರುವುದು ಕಾಣುತ್ತದೆ. ನಿವೇಶನ ಮಾರಾಟಕ್ಕಿದೆ ಎಂಬ ಫಲಕಗಳು. ಈ ಜಮೀನಿಗೆ ಇವತ್ತು ಬರುವ ಬೆಲೆ, ಮಿಲ್ಲು ತನ್ನ ಇಡೀ ಆಯುಷ್ಯದಲ್ಲಿ ನೂಲು ಮಾರಿ ಗಳಿಸಿದ ಲಾಭಕ್ಕಿಂತ ಹೆಚ್ಚಿರಬಹುದು ಎಂದು ನನ್ನ ಅಂದಾಜು. ಯಾದವಗಿರಿಯಲ್ಲಿ ಜಾವಾ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ವಸತಿ ಕಟ್ಟಡಗಳಿವೆ. ಬ್ರ್ಯಾಂಡು ಮಾತ್ರ ಸತ್ತಿಲ್ಲ: 2018ರಲ್ಲಿ ಜಾವಾ, 2022ರಲ್ಲಿ ಎಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಎಜ್ಡಿ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. ಕಾರ್ಖಾನೆ ಹೋದ ಮೇಲೂ ಹೆಸರಿಗೆ ಬೆಲೆ ಉಳಿದಿದೆ. ಬೆಂಗಳೂರು ರಸ್ತೆಯಲ್ಲಿ ಕೆ.ಆರ್. ಮಿಲ್ ಎಂಬ ಬಸ್ ಸ್ಟಾಪು ಇದೆ. ಮಂಡಕಳ್ಳಿಯ ಪಕ್ಕದಲ್ಲೇ ಹಾದುಹೋಗುವ ಚಾಮರಾಜನಗರದ ಪ್ಯಾಸೆಂಜರ್ ರೈಲು ಹತ್ತಿದರೆ ತಾಂಡವಪುರಕ್ಕೂ ನಂಜನಗೂಡಿಗೂ ನಡುವೆ ಸುಜಾತಪುರಂ ಎಂಬ ಹಾಲ್ಟ್ ಬರುತ್ತದೆ. ಹತ್ತಿ ಇಳಿಯುವ ಚಿಕ್ಕ ವಯಸ್ಸಿನವರು ಅದನ್ನು ಊರಿನ ಹೆಸರೆಂದೇ ತಿಳಿದಿದ್ದಾರೆ.

ರಸ್ತೆಯಂಚಿನ ಟೀ ಅಂಗಡಿಯಲ್ಲಿ ಕೂತೆವು. ಅಂಗಡಿಯ ಅಕ್ಕ ಯಜಮಾನರನ್ನು ಕಂಡು ಕೇಳದೆಯೇ ಸಕ್ಕರೆ ಕಡಿಮೆ ಹಾಕಿದರು. ಅವರೂ ಮಿಲ್ಲಿನವರೇ, ಕೋನ್ ವೈಂಡಿಂಗ್. ಆ ಕೋಣೆಯ ಕೊಂಡಿಗಳ ಬಗ್ಗೆ ಕೇಳಿದೆ. ತೊಟ್ಟಿಲದ್ದೇ ಎಂದರು. ಅವರ ಮಗ ಅದರಲ್ಲಿ ಮಲಗಿದ್ದವನು, ಈಗ ಕಡಕೊಳದ ಕಡೆ ಒಂದು ಕಂಪನಿಯಲ್ಲಿದ್ದಾನೆ. ಪರ್ಮನೆಂಟಾ ಎಂದು ಕೇಳಿದ್ದು ನನ್ನ ತಪ್ಪೇನಲ್ಲ, ಈ ರಸ್ತೆಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ.

"ಎಲ್ಲಿ ಪರ್ಮನೆಂಟು ಅಣ್ಣ? ಕಾಂಟ್ರ್ಯಾಕ್ಟು. ಹನ್ನೊಂದ್ ತಿಂಗಳಿಗೆ ಬುಡ್ಸಿ ಮತ್ತೆ ತಕತ್ತಾರೆ, ಇಲ್ದಿದ್ರೆ ಬ್ಯಾರೆ ಕಂಪನಿ. ನಮ್ಮಂಗೆ ಬೀದಿಗ್ ಬೀಳದು ಅಂತೇನಿಲ್ಲ, ದಿನಾನೂ ಬೀದೀಲೆ."

ಹಳೆಯ ಮುಚ್ಚುಗಡೆಗೆ ಒಂದು ತಾರೀಕಿತ್ತು, ಗೇಟ್ ಮೀಟಿಂಗ್ ಇತ್ತು, ದಾವೆ ನಂಬರಿತ್ತು. ಈ ಹುಡುಗನ ಕೆಲಸ ಹೋದರೆ ಅವನ ಕಾರ್ಖಾನೆ ಓಡುತ್ತಲೇ ಇರುತ್ತದೆ, ಬಸ್ಸುಗಳೂ ಬರುತ್ತಿರುತ್ತವೆ. ಮುಚ್ಚುಗಡೆಯ ಪರಿಹಾರ ಅವನಿಗೆ ಅನ್ವಯಿಸದು. ಆದರೆ ಅವನ ಸಂಬಳದಿಂದಲೂ ಪಿಎಫ್ ಮುರಿಯುತ್ತಾರೆ: ಅವನ ಪಾಲು ನೂರಕ್ಕೆ 12, ಅಷ್ಟೇ ಮೊತ್ತ ಮಾಲೀಕರ ಪಾಲು. ಗುತ್ತಿಗೆದಾರ ಕಟ್ಟದಿದ್ದರೆ ಕಟ್ಟುವ ಹೊಣೆ ಮೂಲ ಕಂಪನಿಯದು. ಯಜಮಾನರ ಕಾಲದಲ್ಲಿ ಕಟ್ಟಿದ್ದಾರೋ ಇಲ್ಲವೋ ತಿಳಿಯಲು ವರ್ಷಕ್ಕೊಮ್ಮೆ ಬರುವ ಚೀಟಿ ಕಾಯಬೇಕಿತ್ತು. ಈಗ ಯುಎಎನ್ ಎಂಬ ಪಿಎಫ್ ಸದಸ್ಯರ ನಂಬರ್ ಇದ್ದರೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ಪ್ರತಿ ತಿಂಗಳೂ ನೋಡಬಹುದು. ನೀವೋ ನಿಮ್ಮ ಮನೆಯವರೋ ಇಂಥ ಕೆಲಸದಲ್ಲಿದ್ದರೆ ಈ ತಿಂಗಳ ಹಣ ಬಿದ್ದಿದೆಯೇ ನೋಡಿ, ಸಂಬಳ ಚೀಟಿಗಳನ್ನು ಎತ್ತಿಡಿ. ಎರಡು ತಿಂಗಳು ಬೀಳದಿದ್ದರೆ ಮೂರನೆಯದಕ್ಕೆ ಕಾಯಬೇಡಿ, ಪಿಎಫ್ ಕಚೇರಿಗೆ ಬರೆದು ದೂರು ಕೊಡಿ.